ನವಜಾತ ಶಿಶುವಿಗೆ ದಿನಕ್ಕೆ ಎಷ್ಟು ಸಲ ಎದೆಹಾಲು? ಲೆಕ್ಕ ಮನೆಯವರಿಗೂ ಗೊತ್ತಿರಲಿ

ಹುಟ್ಟಿದ ಮಗುವಿಗೆ ದಿನಕ್ಕೆ ಎಷ್ಟು ಸಲ ಹಾಲು ಕುಡಿಸಬೇಕು? ಡಾಕ್ಟರುಗಳು ಹೇಳುವ ಲೆಕ್ಕ, 24 ಗಂಟೆಯಲ್ಲಿ 8ರಿಂದ 12 ಸಲ. ಒಂದು ಸಲಕ್ಕೆ ಅರ್ಧ ಗಂಟೆ ಹಿಡಿದರೂ ದಿನಕ್ಕೆ 4ರಿಂದ 6 ಗಂಟೆ ಹಾಲೂಡಿಸುವುದಕ್ಕೇ ಬೇಕು. ಆದರೂ ಬಾಣಂತಿ 'ಸುಮ್ನೆ ಮನೇಲಿದಾಳೆ' ಅನ್ನೋ ಮಾತು ನಿಂತಿಲ್ಲ.

ಇಷ್ಟು ಸಲ ಯಾಕೆ? ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಒಂದೆರಡು ಟೀ ಚಮಚದಷ್ಟು ಹಾಲು ಸಾಕು. ಎದೆಹಾಲು ಬೇಗ ಅರಗುತ್ತೆ, ಮತ್ತೆ ಹಸಿವಾಗುತ್ತೆ. ಜೊತೆಗೆ, ಎದೆ ಅನ್ನೋದು ತುಂಬಿಟ್ಟ ಕೊಡ ಅಲ್ಲ. ಮಗು ಚೀಪಿದಾಗ ತಾಯಿಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುತ್ತದೆ, ಅದರಿಂದಲೇ ಮುಂದಿನ ಹಾಲು. ರಾತ್ರಿ ಇದು ಇನ್ನೂ ಹೆಚ್ಚು, ಹಾಗಾಗಿ ರಾತ್ರಿ ಕುಡಿಸುವುದನ್ನು ತಪ್ಪಿಸಬಾರದು.

ಎಡವಟ್ಟಾಗೋದು ಇಲ್ಲೇ. ಸಂಜೆ ಹೊತ್ತು ಕೆಲವು ಮಕ್ಕಳು ಮೇಲಿಂದ ಮೇಲೆ ಹಾಲು ಕೇಳುತ್ತವೆ. ತಕ್ಷಣ ಮನೆಯವರು 'ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ತನ್ನಿ' ಅಂತಾರೆ. ಅದು ಶುರುವಾದರೆ ಮಗು ಎದೆ ಚೀಪುವುದು ಕಮ್ಮಿಯಾಗಿ, ಹಾಲು ನಿಜಕ್ಕೂ ಇಳಿಯುತ್ತೆ. ಡಬ್ಬಿ ಹಾಲಿನ ಜಾಹೀರಾತನ್ನು 1992ರ ಕಾಯ್ದೆ ನಿಷೇಧಿಸಿದೆ, ಆದರೆ ನೆಂಟರ ಬಾಯಿಗೆ ಯಾವ ಕಾಯ್ದೆ? ನಿಜವಾಗಿಯೂ ಹಾಲು ಸಾಲದ ತಾಯಂದಿರೂ ಇದ್ದಾರೆ. ಡಾಕ್ಟರು ನೋಡಿ ಬರೆದುಕೊಟ್ಟರೆ ಅದಕ್ಕೆ ನಾಚಬೇಕಿಲ್ಲ.

ಹಾಲು ಸಾಕಾಗ್ತಿದೆಯಾ ಅಂತ ತಿಳಿಯಲು ಒದ್ದೆ ಬಟ್ಟೆ ಎಣಿಸಿ. ಐದನೇ ದಿನದ ನಂತರ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯಬೇಕು. ಸುಮಾರು ಎರಡು ವಾರದಲ್ಲಿ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. ಅಳುವವರೆಗೆ ಕಾಯಬೇಡಿ, ಅದಕ್ಕೂ ಮುಂಚೆ ಮಗು ಬಾಯಿ ತೆರೆದು ತಲೆ ಹೊರಳಿಸುತ್ತೆ, ಕೈ ಚೀಪುತ್ತೆ. ಮೊದಲ ವಾರಗಳಲ್ಲಿ 3–4 ಗಂಟೆ ಮೀರಿ ಮಲಗಿದರೆ ಎಬ್ಬಿಸಿ ಕುಡಿಸಿ. ಎಬ್ಬಿಸಿದರೂ ಚೀಪದೆ ಮಂಕಾಗಿದ್ದರೆ ಆಸ್ಪತ್ರೆಗೆ ಹೋಗಿ. ಜೇನುತುಪ್ಪ, ಸಕ್ಕರೆ ನೀರು, ಗ್ರೈಪ್ ವಾಟರ್ ಬೇಡವೇ ಬೇಡ.

ನನ್ನ ತಕರಾರು ಇರೋದು, ಈ ಲೆಕ್ಕವನ್ನು ನಾವು ತಾಯಿಗೆ ಮಾತ್ರ ಒಪ್ಪಿಸುವುದರ ಬಗ್ಗೆ. ರಾತ್ರಿ ಮಗುವನ್ನು ಎತ್ತಿ ಕೊಡೋದು, ತೇಗು ಬರಿಸೋದು, ಬಟ್ಟೆ ಬದಲಿಸೋದು ಅಪ್ಪನಿಗೂ ಬರುವ ಕೆಲಸವೇ. ಕಾನೂನಿನ ಕತೆ ಇನ್ನೂ ಬೇರೆ. 2017ರ ತಿದ್ದುಪಡಿ, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು. ಒಳ್ಳೇದೇ. ಆದರೆ ಮನೆಗೆಲಸದವರಿಗೆ, ದಿನಗೂಲಿಯವರಿಗೆ ರಜೆ ಕೊಡೋರು ಯಾರು? ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಅವರಿಗೆ ಸಿಗುವುದು 5,000 ರೂಪಾಯಿ, ಅದೂ ಕಂತಿನಲ್ಲಿ. ಆ 26 ವಾರಕ್ಕೆ ಭಾಗಿಸಿ ನೋಡಿದೆ, ದಿನಕ್ಕೆ 28 ರೂಪಾಯಿಯೂ ಬೀಳಲ್ಲ.