ನಗರಸಭೆಯ ಒಳಗೆ ಏನು ನಡೆಯುತ್ತದೆ?

ಬೀದಿ ದೀಪ ಕೆಟ್ಟು ಎಂಟು ದಿನ ಆಯಿತು, ನಳ್ಳಿಯಲ್ಲಿ ನೀರಿಲ್ಲ, ಚರಂಡಿ ಕಟ್ಟಿಕೊಂಡಿದೆ. ಸಂಘದ ಸಭೆಗಳಲ್ಲಿ ಇಂಥ ಮಾತು ಬಾರದ ದಿನವೇ ಇಲ್ಲ. ಕೊನೆಗೆ "ನಗರಸಭೆಯವರು ಏನೂ ಮಾಡೋದಿಲ್ಲ ಬಿಡಿ" ಎಂದು ಎದ್ದು ಬರುತ್ತೇವೆ. ಆದರೆ ನಗರಸಭೆಯವರು ಅಂದರೆ ಯಾರು? ವಾರ್ಡಿನ ಸದಸ್ಯರಾ, ಅಧ್ಯಕ್ಷರಾ, ಪೌರಾಯುಕ್ತರಾ? ಇದು ಗೊತ್ತಿಲ್ಲದೆ ಹೋದರೆ ನಮ್ಮ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ, ಅದರ ಹಿಂದೆ ನಾವೂ ಅಲೆಯುತ್ತೇವೆ.

ನಮ್ಮ ರಾಜ್ಯದ ಸಣ್ಣ ನಗರಗಳ ಆಡಳಿತ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ. ಜನಸಂಖ್ಯೆ ಹತ್ತರಿಂದ ಇಪ್ಪತ್ತು ಸಾವಿರದೊಳಗೆ ಇದ್ದರೆ ಪಟ್ಟಣ ಪಂಚಾಯತಿ, ಐವತ್ತು ಸಾವಿರದೊಳಗೆ ಪುರಸಭೆ, ಅಲ್ಲಿಂದ ಮೂರು ಲಕ್ಷದ ತನಕ ನಗರಸಭೆ. ಅದಕ್ಕೂ ದೊಡ್ಡದಾದರೆ ಮಹಾನಗರ ಪಾಲಿಕೆ, ಅದಕ್ಕೆ ಬೇರೆಯೇ ಕಾಯ್ದೆ ಇದೆ.

ಒಂದು ವಾರ್ಡಿಗೆ ಒಬ್ಬ ಸದಸ್ಯರು. ಉಡುಪಿಯಲ್ಲಿ 2018ರ ಚುನಾವಣೆ ನಡೆದದ್ದು 35 ವಾರ್ಡುಗಳಿಗೆ. ಇವರ ಜೊತೆ ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರೂ ಕೂರುತ್ತಾರೆ. ಅವರು ಚರ್ಚೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಶಾಸಕರು ಮತ್ತು ಸಂಸದರೂ ಸಭೆಯ ಸದಸ್ಯರೇ. ಇಷ್ಟೂ ಮಂದಿ ಸೇರಿ ತೀರ್ಮಾನ ಮಾಡುವವರು. ಆ ತೀರ್ಮಾನವನ್ನು ಜಾರಿ ಮಾಡುವವರು ಪೌರಾಯುಕ್ತರು ಮತ್ತು ಅವರ ಕೈಕೆಳಗಿನ ಎಂಜಿನಿಯರ್, ಆರೋಗ್ಯ ನಿರೀಕ್ಷಕರು, ಕಂದಾಯ ವಿಭಾಗದವರು. ನೀವು ದಿನವೂ ಕಾಣುವ ಪೌರಕಾರ್ಮಿಕರು ಈ ಸಾಲಿನ ಕಟ್ಟಕಡೆಗೆ ಇದ್ದಾರೆ, ಬೈಗುಳ ಮಾತ್ರ ಮೊದಲು ಅವರಿಗೇ ಸಿಗುತ್ತದೆ.

ತಿಂಗಳಿಗೊಂದು ಸಾಮಾನ್ಯ ಸಭೆ ನಡೆಯಬೇಕು ಎಂಬುದು ನಿಯಮ. ಸಭೆಗೆ ಮೊದಲು ಸದಸ್ಯರಿಗೆ ಕಾರ್ಯಸೂಚಿ ಹೋಗುತ್ತದೆ. ಅದರಲ್ಲಿ ಇರುವುದೆಲ್ಲ ದಿನನಿತ್ಯದ ಸಂಗತಿಗಳೇ: ಯಾವ ರಸ್ತೆಗೆ ಡಾಂಬರು, ಯಾವ ಟೆಂಡರಿಗೆ ಒಪ್ಪಿಗೆ, ಮೀನು ಮಾರುಕಟ್ಟೆಯ ಹರಾಜು, ಅಂಗಡಿ ಮಳಿಗೆಯ ಬಾಡಿಗೆ, ಕಸ ಸಾಗಿಸುವ ವಾಹನದ ರಿಪೇರಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಒಪ್ಪಿಗೆಯಾದದ್ದು ಠರಾವು ಆಗಿ ನಡಾವಳಿ ಪುಸ್ತಕ ಸೇರುತ್ತದೆ. ಸದಸ್ಯರು ರಸ್ತೆಯಲ್ಲಿ ನಿಂತು "ಮಾಡಿಸಿ ಕೊಡ್ತೇನೆ" ಅಂದದ್ದಕ್ಕೆ ಕಾಗದದ ಬೆಲೆ ಇಲ್ಲ, ನಡಾವಳಿಯಲ್ಲಿ ಬರೆದದ್ದಕ್ಕೆ ಇದೆ. ಠರಾವು ಕಾನೂನಿಗೆ ವಿರುದ್ಧ ಎಂದು ಕಂಡರೆ ಅದನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಇದೆ.

ಹಳ್ಳಿಯವರಿಗೆ ಗ್ರಾಮಸಭೆ ಇದೆ, ಅಲ್ಲಿ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು. ಪೇಟೆಯವರಿಗೆ ಅಂಥ ಜಾಗ ಇಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಊರುಗಳಿಗೆ ಮಾತ್ರ. ಸಣ್ಣ ನಗರದಲ್ಲಿ ಜನರಿಗೂ ನಗರಸಭೆಗೂ ನಡುವೆ ಇರುವ ಒಂದೇ ಸೇತುವೆ ವಾರ್ಡಿನ ಸದಸ್ಯರು. ಇದು ದೊಡ್ಡ ಕೊರತೆ ಎಂದೇ ನಮ್ಮ ಅಭಿಪ್ರಾಯ.

ಆ ಸೇತುವೆಯೂ ಕೆಲವು ಸಲ ಅರ್ಧಕ್ಕೆ ನಿಲ್ಲುತ್ತದೆ. 2018ರ ಆಗಸ್ಟ್ ಕೊನೆಗೆ ರಾಜ್ಯದ ನೂರಕ್ಕೂ ಹೆಚ್ಚು ನಗರ, ಪಟ್ಟಣಗಳಲ್ಲಿ ಚುನಾವಣೆ ನಡೆಯಿತು. ಆದರೆ ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿಯ ವ್ಯಾಜ್ಯ ಕೋರ್ಟಿಗೆ ಹೋಗಿ, ಅನೇಕ ಕಡೆ ಅಧ್ಯಕ್ಷರ ಆಯ್ಕೆ ಆದದ್ದು 2020ರ ಕೊನೆಯ ತಿಂಗಳುಗಳಲ್ಲಿ. ಎರಡು ವರ್ಷ ಗೆದ್ದವರು ಗೆದ್ದ ಹಾಗೆಯೇ ಮನೆಯಲ್ಲಿ, ಕಚೇರಿಯಲ್ಲಿ ಸರ್ಕಾರದ ಆಡಳಿತಾಧಿಕಾರಿ. ಮೊದಲ ಅವಧಿ ಮುಗಿದ ಮೇಲೆ 2023ರಿಂದ 2024ರ ಆಗಸ್ಟ್ ಸುಮಾರಿನ ತನಕ ಮತ್ತೆ ಅದೇ ಕಥೆ. ಇಂಥ ಕಾಲದಲ್ಲಿ ಕಸ ಎತ್ತುವುದು, ನೀರು ಬಿಡುವುದು ಹೇಗೋ ನಡೆಯುತ್ತದೆ. ಆದರೆ ನಮ್ಮ ವಾರ್ಡಿಗೆ ಏನು ಬೇಕು ಎಂದು ಸಭೆಯಲ್ಲಿ ಕೂತು ಕೇಳುವವರು ಇರುವುದಿಲ್ಲ.

ಇನ್ನು ಹಣದ ವಿಷಯ. ನಗರಸಭೆಯ ಸ್ವಂತ ಆದಾಯದಲ್ಲಿ ಮುಖ್ಯವಾದದ್ದು ಆಸ್ತಿ ತೆರಿಗೆ. ಇದನ್ನು ನಾವೇ ಲೆಕ್ಕ ಹಾಕಿ ಕಟ್ಟಬೇಕು, ಏಪ್ರಿಲ್ ತಿಂಗಳಲ್ಲಿ ಪೂರ್ತಿ ಕಟ್ಟಿದವರಿಗೆ ಶೇ. 5 ರಿಯಾಯಿತಿ. ನೀರಿನ ದರ, ವ್ಯಾಪಾರ ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ ಇದಕ್ಕೆ ಸೇರುತ್ತವೆ. ಉಳಿದದ್ದು ರಾಜ್ಯ ಹಣಕಾಸು ಆಯೋಗ ಮತ್ತು ಕೇಂದ್ರದ ಅನುದಾನ.

ಈ ಹಣದಲ್ಲಿ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಪಟ್ಟ ಒಂದು ಭಾಗ ಇದೆ, ಅದನ್ನು ಕೇಳುವವರೇ ಕಡಿಮೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಲ್ಯಾಣಕ್ಕೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಎಂದು ಮೊತ್ತ ಮೀಸಲಿಡಬೇಕು ಎಂಬ ಆದೇಶ ಬಹುಕಾಲದಿಂದ ಜಾರಿಯಲ್ಲಿ ಬಂದಿದೆ. ಮಕ್ಕಳ ವಿದ್ಯಾಭ್ಯಾಸ, ಹೊಲಿಗೆ ಯಂತ್ರ, ಮನೆ ರಿಪೇರಿ, ತ್ರಿಚಕ್ರ ವಾಹನ ಇಂಥವಕ್ಕೆಲ್ಲ ಇದರಿಂದ ಸಹಾಯ ಆಗುತ್ತದೆ. ಇದಕ್ಕೆ ಮೊದಲು ಕ್ರಿಯಾ ಯೋಜನೆ ತಯಾರಾಗಿ ಸಭೆಯ ಒಪ್ಪಿಗೆ ಪಡೆಯಬೇಕು, ಆಮೇಲೆ ಅರ್ಜಿ ಕರೆದು ಸೂಚನಾ ಫಲಕದಲ್ಲಿ ಹಾಕುತ್ತಾರೆ. ಆ ಫಲಕದ ಮುಂದೆ ಯಾರೂ ನಿಲ್ಲುವುದಿಲ್ಲ! ಸಂಘಕ್ಕೆ ಒಬ್ಬರಂತೆ ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬಂದರೆ ಸಾಕು. ಬಜೆಟಿಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆಯನ್ನೂ ನಗರಸಭೆ ಕರೆಯುತ್ತದೆ. ಅದು ಬರುವುದು ಮಾರ್ಚ್‌ಗೆ ಮೊದಲಿನ ತಿಂಗಳುಗಳಲ್ಲಿ.

ಹಾಗಂತ ಎಲ್ಲದಕ್ಕೂ ನಗರಸಭೆಗೇ ಓಡಬೇಡಿ. ರೇಷನ್ ಕಾರ್ಡು ಆಹಾರ ಇಲಾಖೆಯದು, ವಿಧವಾ ವೇತನ ಮತ್ತು ವೃದ್ಧಾಪ್ಯ ವೇತನ ನಾಡಕಚೇರಿಗೆ ಹೋಗಬೇಕು, ರಾಷ್ಟ್ರೀಯ ಹೆದ್ದಾರಿಯ ಹೊಂಡ ಮುಚ್ಚಬೇಕಾದವರು ಹೆದ್ದಾರಿಯವರು. ಜನನ ಮರಣ ನೋಂದಣಿ ನಗರಸಭೆಯಲ್ಲಿ ಆಗುತ್ತದೆ. ಆಸ್ಪತ್ರೆಯಲ್ಲಿ ಆದದ್ದನ್ನು ಆಸ್ಪತ್ರೆಯವರೇ ತಿಳಿಸುತ್ತಾರೆ, ಮನೆಯಲ್ಲಿ ಆದರೆ ನಾವು 21 ದಿನದೊಳಗೆ ತಿಳಿಸಬೇಕು.

ದೂರು ಕೊಡುವಾಗ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ದೀಪದ ಕಂಬದ ಗುರುತು, ಓಣಿಯ ಹೆಸರು, ತಾರೀಕು ಹಾಕಿ ಬರೆದು, ಎರಡನೇ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ನಿಮ್ಮ ವಾರ್ಡಿನ ಬಗ್ಗೆ ಸಭೆಯಲ್ಲಿ ಏನು ತೀರ್ಮಾನ ಆಯಿತೆಂದು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಡಾವಳಿಯ ಪ್ರತಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರೆ ಆಯಿತು.