ಸಿ ಭಾಷೆಯಲ್ಲಿ ಸ್ಟ್ರಿಂಗುಗಳ ಪ್ರತಿಲೇಖನವೂ ಬಫರಿನ ಮೇರೆಯೂ

ಸಿ ಭಾಷೆಯು 1972ರ ಸುಮಾರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರಿಂದ ರೂಪುಗೊಂಡುದು. ಈ ಭಾಷೆಯಲ್ಲಿ ಸ್ಟ್ರಿಂಗ್ ಎಂದರೆ ಗಣಕಯಂತ್ರದ ಸ್ಮೃತಿಯಲ್ಲಿ ಒಂದರ ಮಗ್ಗುಲಲ್ಲೊಂದಿರುವ ಬೈಟುಗಳ ಸಾಲು. ಸೊನ್ನೆಯ ಬೆಲೆಯುಳ್ಳ ಬೈಟು ಅದರ ಸಮಾಪ್ತಿಚಿಹ್ನೆ. ಸಾಲಿನ ಉದ್ದವನ್ನು ಬೇರೆಡೆಯಲ್ಲಿ ಬರೆದಿಡುವ ಪದ್ಧತಿಯಿಲ್ಲ. ಈ ಲಕ್ಷಣದಲ್ಲಿಯೇ ಒಂದು ದೊಡ್ಡ ದೋಷದ ಬೀಜವಡಗಿರುವುದು.

'ಸ್ಟ್ರ್‌ಕಾಪಿ' ಎಂಬ ಫಂಕ್ಷನ್ನು ಮೂಲದ ಬೈಟುಗಳನ್ನು ಸೊನ್ನೆಯು ದೊರೆಯುವವರೆಗೆ ಬಫರಿಗೆ ನಕಲುಮಾಡುವುದು. ಬಫರಿನ ಅಳತೆಯೆಷ್ಟೆಂಬುದನ್ನು ಅದು ಅರಿಯದು. ಮೂಲವು ದೊಡ್ಡದಾದರೆ ಮಿಕ್ಕ ಬೈಟುಗಳು ಮೇರೆಯನ್ನು ದಾಟಿ ನೆರೆಯ ಸ್ಥಾನಗಳಲ್ಲಿದ್ದುದನ್ನು ಕೆಡಿಸುವುವು. ಬಫರು ಸ್ಟ್ಯಾಕಿನಲ್ಲಿದ್ದರೆ ಫಂಕ್ಷನ್ನು ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬ ವಿಳಾಸವೂ ಸಮೀಪದಲ್ಲಿಯೇ ಇರುವುದರಿಂದ, ಅನ್ಯರು ಕಳುಹಿದ ಬೈಟುಗಳೇ ಪ್ರೋಗ್ರಾಮಿನ ಗತಿಯನ್ನು ನಿರ್ಣಯಿಸುವಂತಾಗಬಹುದು. ಹೊರಗಿನಿಂದ ಸಾಲನ್ನು ಓದಿಕೊಳ್ಳುವ 'ಗೆಟ್ಸ್' ಫಂಕ್ಷನ್ನಿಗೂ ಇದೇ ದೋಷವಿದ್ದಿತು. 1988ರ ನವೆಂಬರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಹರಡಿದ 'ಮಾರಿಸ್ ಹುಳು'ವು ಹೊಕ್ಕ ದಾರಿಗಳಲ್ಲೊಂದು, ಫಿಂಗರ್ ಸೇವೆಯಲ್ಲಿ ಗೆಟ್ಸ್ ತುಂಬುತ್ತಿದ್ದ 512 ಬೈಟುಗಳ ಬಫರು. 2011ರ ಸಿ ಪ್ರಮಾಣದಲ್ಲಿ ಗೆಟ್ಸ್ ಕೈಬಿಡಲ್ಪಟ್ಟಿತು.

ಇಲ್ಲಿ ಪೂರ್ವಪಕ್ಷವೊಂದುಂಟು: ಎಣಿಕೆಯಿಟ್ಟು ನಕಲುಮಾಡುವ 'ಸ್ಟ್ರ್‌ಎನ್‌ಕಾಪಿ' ಇರುವಾಗ ಭಯವೇಕೆ? ಸಮಾಧಾನವೇನೆಂದರೆ, ಅದು ಹುಟ್ಟಿದುದು ಈ ಪ್ರಯೋಜನಕ್ಕಲ್ಲ. ಹಳೆಯ ಯುನಿಕ್ಸಿನ ಡೈರೆಕ್ಟರಿಯಲ್ಲಿ ಕಡತದ ಹೆಸರಿಗೆ 14 ಬೈಟುಗಳ ನಿಯತಸ್ಥಾನವಿದ್ದಿತು. ಅಂತಹ ಸ್ಥಾನವನ್ನು ತುಂಬಿ, ಉಳಿದುದನ್ನು ಸೊನ್ನೆಗಳಿಂದ ಪೂರೈಸುವುದೇ ಅದರ ಕಾರ್ಯ. ಮೂಲದ ಉದ್ದವು ಎಣಿಕೆಗೆ ಸಮವಾಗಿಯಾಗಲಿ ಮಿಗಿಲಾಗಿಯಾಗಲಿ ಇದ್ದರೆ ಅದು ಸಮಾಪ್ತಿಯ ಸೊನ್ನೆಯನ್ನು ಬರೆಯುವುದೇ ಇಲ್ಲ. ಆಗ ಮುಂದೆ ಓದುವ ಫಂಕ್ಷನ್ನು ಮೇರೆಯನ್ನು ಮೀರಿ ಓದುವುದು. ಬರೆಹದ ಅತಿಕ್ರಮವು ತಪ್ಪಿ ಓದಿನ ಅತಿಕ್ರಮವು ಉಂಟಾದಂತಾಯಿತು.

1998ರಲ್ಲಿ ಓಪನ್‌ಬಿಎಸ್‌ಡಿಯಲ್ಲಿ ಬಂದ 'ಸ್ಟ್ರ್‌ಎಲ್‌ಕಾಪಿ'ಯು ಬಫರಿನ ಪೂರ್ಣ ಅಳತೆಯನ್ನು ಕೇಳುವುದು. ಅಳತೆಯು ಸೊನ್ನೆಯಲ್ಲದಿದ್ದರೆ ಸಮಾಪ್ತಿಯನ್ನು ತಪ್ಪದೆ ಬರೆಯುವುದು. ಮೂಲದ ಉದ್ದವನ್ನು ಫಲವಾಗಿ ಹಿಂದಿರುಗಿಸುವುದು. ಈ ಫಲವು ಅಳತೆಗಿಂತ ಕಡಿಮೆಯಾಗಿಲ್ಲದಿದ್ದರೆ ನಕಲು ಮೊಟಕಾಯಿತೆಂದು ತಿಳಿಯತಕ್ಕದ್ದು. 2024ರ ಪಾಸಿಕ್ಸ್ ಪ್ರಮಾಣವು ಇದನ್ನು ಅಂಗೀಕರಿಸಿದೆ. ಆದರೂ ಅಳತೆಯನ್ನು ತಪ್ಪಾಗಿ ಕೊಟ್ಟರೆ ಯಾವ ಫಂಕ್ಷನ್ನೂ ಕಾಯಲಾರದು. ಬಫರನ್ನು ಫಂಕ್ಷನ್ನಿಗೆ ಒಪ್ಪಿಸಿದಾಗ ವಿಳಾಸವು ಮಾತ್ರ ಸಾಗುವುದು, ಅಳತೆಯು ಹಿಂದೆಯೇ ಉಳಿಯುವುದು. ಅಲ್ಲಿ 'ಸೈಜ್‌ಆಫ್' ಎಂದು ಕೇಳಿದರೆ ದೊರೆವುದು ವಿಳಾಸದ ಅಳತೆ. 64 ಬಿಟ್ಟುಗಳ ಯಂತ್ರದಲ್ಲಿ ಸಾಮಾನ್ಯವಾಗಿ 8.

ಕನ್ನಡದ ಬರೆಹಕ್ಕೆ ಈ ವಿಚಾರವು ಮತ್ತಷ್ಟು ಮುಖ್ಯವಾದುದು. 'ಕನ್ನಡ' ಎಂಬ ಶಬ್ದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು 3, ಯೂನಿಕೋಡಿನ ಗಣನೆಯಲ್ಲಿ ನಡುವಣ ವಿರಾಮಚಿಹ್ನೆಯೂ ಸೇರಿ ಸಂಕೇತಗಳು 5, ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3ರಂತೆ ಬೈಟುಗಳು 15, ಸೊನ್ನೆಯೊಡನೆ 16. ಅಕ್ಷರಗಳನ್ನೆಣಿಸಿ 4 ಬೈಟುಗಳನ್ನಿತ್ತು ಅಳತೆಯಿಲ್ಲದೆ ನಕಲುಮಾಡಿದವನ ಬಫರು ಉಕ್ಕಿಹರಿಯುವುದು ನಿಶ್ಚಯ. 8 ಬೈಟುಗಳಿಗೆ ಮೊಟಕುಮಾಡಿದರೆ 'ಕನ' ಎಂಬುದೂ ವಿರಾಮದ ಒಂದು ತುಣುಕೂ ಉಳಿದು, ಶಬ್ದವು ಕೆಡುವುದಲ್ಲದೆ ಸಂಕೇತಕ್ರಮವೂ ಭಂಗವಾಗುವುದು.

ಆದುದರಿಂದ ವಿಳಾಸದೊಡನೆ ಅಳತೆಯನ್ನೂ ಕಳುಹತಕ್ಕದ್ದು; ಅಳತೆಯನ್ನು ಬೈಟುಗಳಲ್ಲಿ ಎಣಿಸಿ ಸೊನ್ನೆಗೆ ಎಡೆಯಿಡತಕ್ಕದ್ದು; ಹಿಂದಿರುಗಿದ ಫಲವನ್ನು ಪರೀಕ್ಷಿಸತಕ್ಕದ್ದು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡರಿಂದ ರಕ್ಷಣೆಯು ಪೂರ್ಣವಾಗದು.