ಅಂಗಳ ನಮ್ಮದು, ಓಟ ನಮ್ಮ ಹುಡುಗಿಯರದು

ಮನೆಯಲ್ಲಿ ಲಗ್ನ ಇಟ್ಟುಕೊಂಡವರ ಪಾಡು ಏನೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಂದರ ಹಾಕಿಸಬೇಕು, ಗೋಡೆಗೆ ಸುಣ್ಣ ಬಳಿಸಬೇಕು, ಬೀಗರು ಇಳಿಯಲು ಜಾಗ ನೋಡಬೇಕು, ಅಡುಗೆಯವರಿಗೆ ಸಾಮಾನು ಕೊಡಬೇಕು. ಇಷ್ಟೆಲ್ಲದರ ನಡುವೆ ನಮ್ಮ ಮಕ್ಕಳು ನಾಲ್ಕು ಮಂದಿಯ ಎದುರಿಗೆ ಚೆನ್ನಾಗಿ ಕಾಣಬೇಕೆಂಬ ಆಸೆ ಬೇರೆ! ದೇಶಗಳ ಪಾಡೂ ಹೀಗೆಯೇ. ಹತ್ತಾರು ದೇಶಗಳ ಆಟಗಾರರನ್ನು ಮನೆಗೆ ಕರೆದು ಕ್ರೀಡಾಕೂಟ ನಡೆಸುವಾಗ ಮೈದಾನ, ವಸತಿ, ಊಟ ಎಲ್ಲವೂ ಸರಿಯಾಗಬೇಕು. ಜೊತೆಗೆ ಮನೆಯ ಮಕ್ಕಳು ಗೆಲ್ಲಲೂ ಬೇಕು.

ನಮ್ಮ ದೇಶ ಇಂಥ ದೊಡ್ಡ ಕೂಟಗಳನ್ನು ದಿಲ್ಲಿಯಲ್ಲಿ ಮೂರು ಸಲ ನಡೆಸಿದೆ. 1951 ಮತ್ತು 1982ರಲ್ಲಿ ಏಷ್ಯನ್ ಕ್ರೀಡಾಕೂಟ, 2010ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಇನ್ನು 2030ರ ಕಾಮನ್‌ವೆಲ್ತ್ ಕೂಟವನ್ನು ಅಹಮದಾಬಾದಿಗೆ ಕೊಡುವುದೆಂದು 2025ರ ನವೆಂಬರ್‌ನಲ್ಲಿ ತೀರ್ಮಾನವಾಯಿತು. ‘ಅದಕ್ಕೂ ನಮಗೂ ಏನು ಸಂಬಂಧ? ಅಹಮದಾಬಾದ್ ಎಲ್ಲಿ, ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿ?’ ಎಂದು ನೀವು ಕೇಳಬಹುದು. ಸಂಬಂಧ ಇದೆ, ಸೋದರಿಯರೇ. ಇಂದು ಸಾಲಿ ಮೈದಾನದಲ್ಲಿ ಓಡುತ್ತಿರುವ ಹದಿಮೂರರ ಹುಡುಗಿಗೆ ಆಗ ಹದಿನೇಳರ ಆಸುಪಾಸು. ಹಿಂದಿನ ಮೂರು ಕೂಟಗಳ ಕಥೆ ಕೇಳಿದರೆ ಈ ಲೆಕ್ಕದ ಮಹತ್ವ ತಿಳಿದೀತು.

ಮೊದಲ ಸಲ: 1951

ಏಷ್ಯನ್ ಕ್ರೀಡಾಕೂಟ ಶುರುವಾದದ್ದೇ ದಿಲ್ಲಿಯಲ್ಲಿ, 1951ರ ಮಾರ್ಚ್ 4ರಂದು. ಸ್ವಾತಂತ್ರ್ಯ ಬಂದು ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಬಂದದ್ದು 11 ದೇಶ. ನಮ್ಮವರು 15 ಚಿನ್ನ ಸೇರಿ 51 ಪದಕ ಗೆದ್ದು, ಜಪಾನಿನ ಹಿಂದೆ ಎರಡನೆಯ ಸ್ಥಾನದಲ್ಲಿ ನಿಂತರು.

ಆ ಕಾಲದಲ್ಲಿ ಹೆಣ್ಣುಮಕ್ಕಳು ಓಟಕ್ಕೆ ಇಳಿಯುವುದೇ ಅಪರೂಪ. ಆದರೂ 100 ಮೀಟರ್ ಓಟದಲ್ಲಿ ರೋಶನ್ ಮಿಸ್ತ್ರಿ ಬೆಳ್ಳಿ ಗೆದ್ದರು. 200 ಮೀಟರಿನಲ್ಲಿ ಮೇರಿ ಡಿಸೋಜಾ ಕಂಚು ತಂದರು. ನಮ್ಮ ಅಜ್ಜಿಯಂದಿರು ತಲೆಯ ಮೇಲಿನ ಸೆರಗು ಜಾರದಂತೆ ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ಇವರು ಸಾವಿರಾರು ಜನರೆದುರು ಓಡಿ ಗೆದ್ದಿದ್ದರು!

ಎರಡನೆಯ ಸಲ: ಅಪ್ಪು ಆನೆಯ ವರ್ಷ

1982 ಎಂದರೆ ಈಗ ಅಜ್ಜಿಯರಾಗಿರುವ ಓದುಗರಿಗೆ ಚೆನ್ನಾಗಿ ನೆನಪಿರಬೇಕು. ಕುಣಿಯುವ ಆನೆಮರಿ ‘ಅಪ್ಪು’ ಆ ಕೂಟದ ಗುರುತು. ದೇಶದಲ್ಲಿ ಬಣ್ಣದ ಟಿ.ವಿ. ಬಂದದ್ದೂ ಅದೇ ವರ್ಷ. ನಮ್ಮ ಬಿಜಾಪುರ ಜಿಲ್ಲೆಯ ಹಲವು ಹಳ್ಳಿಗಳು 1975–76ರಲ್ಲಿಯೇ ಉಪಗ್ರಹದ ಮೂಲಕ ಟಿ.ವಿ. ಕಂಡಿದ್ದವು; ಆದರೆ ಬಣ್ಣ ಎಂಬುದು ಹೊಸದು.

ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ ನಡೆದ ಆ ಕೂಟದಲ್ಲಿ ಭಾರತ 13 ಚಿನ್ನ, 19 ಬೆಳ್ಳಿ, 25 ಕಂಚು, ಒಟ್ಟು 57 ಪದಕ ಗೆದ್ದಿತು. ಸ್ಥಾನ ಐದನೆಯದು. ನಾಲ್ಕು ವರ್ಷ ಹಿಂದೆ ಬ್ಯಾಂಕಾಕಿನಲ್ಲಿ ಗೆದ್ದದ್ದು 28 ಮಾತ್ರ. ಅಂದರೆ ಸ್ವಂತ ಅಂಗಳದಲ್ಲಿ ದುಪ್ಪಟ್ಟು.

ಆದರೆ ಜನರ ಬಾಯಲ್ಲಿ ಉಳಿದದ್ದು ಒಂದು ಸೋಲು. ಗಂಡಸರ ಹಾಕಿ ಫೈನಲಿನಲ್ಲಿ ಪಾಕಿಸ್ತಾನ ನಮ್ಮನ್ನು 7–1ರಿಂದ ಸೋಲಿಸಿತು. ಇಂದಿಗೂ ಆ ಸಂಕಟದ ಮಾತೇ ಕೇಳಬರುತ್ತದೆ. ಅದೇ ಕೂಟದಲ್ಲಿ ಹೆಂಗಸರ ಹಾಕಿಯನ್ನು ಮೊದಲ ಬಾರಿಗೆ ಸೇರಿಸಿದ್ದರು. ಎಲಿಜಾ ನೆಲ್ಸನ್ ನಾಯಕತ್ವದ ನಮ್ಮ ಹುಡುಗಿಯರು ಚಿನ್ನವನ್ನೇ ಗೆದ್ದರು. ಇದು ಎಷ್ಟು ಮಂದಿಗೆ ನೆನಪಿದೆ? ಮಗ ಬಿದ್ದದ್ದು ಊರಿಗೆಲ್ಲ ಸುದ್ದಿ, ಮಗಳು ಗೆದ್ದದ್ದು ಅಡುಗೆಮನೆಯೊಳಗೇ ಉಳಿಯಿತು ಎಂದಂತಾಯಿತು.

ಓಟದಲ್ಲಿಯೂ ಹಾಗೆಯೇ. 400 ಮೀಟರ್ ಹರ್ಡಲ್ಸ್, ಅಂದರೆ ಅಡೆತಡೆಗಳನ್ನು ಹಾರುತ್ತ ಓಡುವ ಪಂದ್ಯದಲ್ಲಿ ಕೇರಳದ ಎಂ.ಡಿ. ವಲ್ಸಮ್ಮ ಚಿನ್ನ ಗೆದ್ದರು. ಪಿ.ಟಿ. ಉಷಾ ಎಂಬ ಹದಿನೆಂಟರ ಹುಡುಗಿ 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ ಗೆದ್ದಳು.

ಅಂಗಳದ ಗೆಲುವು ಹೊರಗೂ ಉಳಿದೀತೆ?

ಮನೆಯಂಗಳದಲ್ಲಿ ಗೆಲ್ಲುವುದಕ್ಕೆ ಕಾರಣಗಳಿವೆ. ಕೂಟ ನಮ್ಮದೆಂದಾಗ ಸರ್ಕಾರ ತರಬೇತಿಗೆ ಕೈ ಬಿಚ್ಚಿ ಖರ್ಚು ಮಾಡುತ್ತದೆ. ಬೇರೆ ಊರಿಗೆ ಹೋಗುವಾಗ ಹತ್ತು ಮಂದಿ ಹೋಗುವಲ್ಲಿ, ಇಲ್ಲಿ ಐವತ್ತು ಮಂದಿಗೆ ಅವಕಾಶ. ಹವೆ ನಮ್ಮದು, ನೀರು ನಮ್ಮದು, ಊಟ ನಮ್ಮದು, ಚಪ್ಪಾಳೆಯೂ ನಮ್ಮದು. ತವರುಮನೆಯಲ್ಲಿ ಮಗಳ ದನಿ ಸ್ವಲ್ಪ ಜೋರೇ ಇರುತ್ತದಲ್ಲ, ಹಾಗೆ!

ಪರೀಕ್ಷೆ ಬರುವುದು ಮುಂದಿನ ಸಲ. 1986ರಲ್ಲಿ ಸೋಲ್ ನಗರದಲ್ಲಿ ಕೂಟ ನಡೆದಾಗ ಭಾರತದ ಚಿನ್ನ 13ರಿಂದ 5ಕ್ಕೆ ಇಳಿಯಿತು. ಆ ಐದರಲ್ಲಿ ಒಂದು ಕುಸ್ತಿಯ ಕರ್ತಾರ್ ಸಿಂಗರದು. ಉಳಿದ ನಾಲ್ಕೂ ಹೆಣ್ಣುಮಕ್ಕಳ ಓಟದಿಂದ ಬಂದವು. ಮೂರು ಚಿನ್ನ ಉಷಾ ಒಬ್ಬರೇ ಗೆದ್ದರು. ನಾಲ್ಕನೆಯದನ್ನು ರಿಲೇ ಓಟದಲ್ಲಿ ವಂದನಾ ರಾವ್, ಶೈನಿ ಅಬ್ರಹಾಂ, ವಲ್ಸಮ್ಮ ಇವರ ಜೊತೆಗೂಡಿ ಗೆದ್ದರು. ದಿಲ್ಲಿಯ ಹಂದರ ಬಿಚ್ಚಿದ ಮೇಲೂ ಉಳಿದದ್ದು ಹುಡುಗಿಯರ ಕಾಲಿನ ಶಕ್ತಿ.

ಈ ಶಕ್ತಿ ಬಂದದ್ದೆಲ್ಲಿಂದ? ಕೇರಳ ಸರ್ಕಾರ 1976ರಲ್ಲಿ ಕಣ್ಣೂರಿನಲ್ಲಿ ಹುಡುಗಿಯರಿಗೆಂದೇ ಕ್ರೀಡಾಶಾಲೆಯ ವ್ಯವಸ್ಥೆ ಮಾಡಿತು. ಉಷಾ ಅಲ್ಲಿ ಸೇರಿದಾಗ ಸುಮಾರು ಹನ್ನೆರಡು ವರ್ಷ. ಗುರು ಓ.ಎಂ. ನಂಬಿಯಾರ್. ಹನ್ನೆರಡು ವರ್ಷದ ಮಗಳನ್ನು ಮನೆಯಿಂದ ದೂರ ಕಳಿಸಲು ಆ ಮನೆಯವರು ಒಪ್ಪದೇ ಇದ್ದಿದ್ದರೆ? ಆರು ವರ್ಷದ ನಂತರದ ದಿಲ್ಲಿಯ ಬೆಳ್ಳಿಯೂ ಇಲ್ಲ, ಹತ್ತು ವರ್ಷದ ನಂತರದ ಸೋಲ್‌ನ ಚಿನ್ನವೂ ಇಲ್ಲ.

ಮೂರನೆಯ ಸಲ: 2010

2010ರ ಅಕ್ಟೋಬರ್ 3ರಿಂದ 14ರವರೆಗೆ ದಿಲ್ಲಿಯಲ್ಲಿ ಕಾಮನ್‌ವೆಲ್ತ್ ಕೂಟ. ಮನೆಯ ಯಜಮಾನರ ಕಡೆಯಿಂದ ಅವಾಂತರಗಳೂ ಕಡಿಮೆ ಆಗಲಿಲ್ಲ. ಖರ್ಚಿನ ಬಗ್ಗೆ ದೊಡ್ಡ ಗದ್ದಲ ಎದ್ದಿತು; ಕೂಟಕ್ಕೆ ಎರಡು ವಾರವೂ ಇಲ್ಲದಿದ್ದಾಗ ಕ್ರೀಡಾಂಗಣದ ಹತ್ತಿರ ಕಟ್ಟುತ್ತಿದ್ದ ಕಾಲುಸೇತುವೆ ಕುಸಿದು ಬಿತ್ತು. ಆದರೆ ಮಕ್ಕಳು ಮನೆಯ ಮಾನ ಕಾಪಾಡಿದರು. 38 ಚಿನ್ನ, 27 ಬೆಳ್ಳಿ, 36 ಕಂಚು, ಒಟ್ಟು 101 ಪದಕ. ಆಸ್ಟ್ರೇಲಿಯಾದ ಹಿಂದೆ ಎರಡನೆಯ ಸ್ಥಾನ.

ಈ ಎರಡನೆಯ ಸ್ಥಾನ ಸಿಕ್ಕ ಕಥೆ ಸ್ವಾರಸ್ಯದ್ದು. ಕೊನೆಯ ದಿನ ಬೆಳಗಾದಾಗ ಇಂಗ್ಲೆಂಡ್ ನಮಗಿಂತ ಮುಂದಿತ್ತು. ಅಂದು ಬ್ಯಾಡ್ಮಿಂಟನ್ ಜೋಡಿ ಆಟದಲ್ಲಿ ನಮ್ಮ ಕೊಡಗಿನ ಮನೆತನದ, ಬೆಂಗಳೂರಿನ ಹುಡುಗಿ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಜೊತೆಯಲ್ಲಿ ಚಿನ್ನ ಗೆದ್ದಳು. ಬಳಿಕ ಸೈನಾ ನೆಹ್ವಾಲ್ ಮೊದಲ ಆಟ ಸೋತು, ಎರಡನೆಯದನ್ನು 23–21ರಿಂದ ಎಳೆದುಕೊಂಡು, ಮೂರನೆಯದನ್ನು ಗೆದ್ದಳು. ಇಂಗ್ಲೆಂಡಿಗೆ 37 ಚಿನ್ನ, ನಮಗೆ 38. ಕೊನೆಯ ದಿನ ತಕ್ಕಡಿ ವಾಲಿಸಿದ್ದು ಮೂವರು ಹೆಣ್ಣುಮಕ್ಕಳು!

ಡಿಸ್ಕಸ್ ಎಸೆತದಲ್ಲಿ ಮೂರೂ ಪದಕ ನಮ್ಮ ಹೆಂಗಸರಿಗೇ ಬಂದವು. 61.51 ಮೀಟರ್ ಎಸೆದು ಚಿನ್ನ ಗೆದ್ದ ಕೃಷ್ಣಾ ಪೂನಿಯಾ ಮದುವೆಯಾಗಿ, ಮಗನನ್ನು ಹೆತ್ತ ಮೇಲೆ ಈ ಎತ್ತರಕ್ಕೆ ಏರಿದವರು. ತರಬೇತಿ ಕೊಟ್ಟದ್ದು ಅವರ ಗಂಡ. ಕಾಮನ್‌ವೆಲ್ತ್ ಕೂಟದ ಅಥ್ಲೆಟಿಕ್ಸ್ ವಿಭಾಗದಲ್ಲಿ 1958ರ ಮಿಲ್ಖಾ ಸಿಂಗರ ನಂತರ 52 ವರ್ಷಕ್ಕೆ ಬಂದ ಚಿನ್ನ ಅದು. ಬಿಲ್ಲುವಿದ್ಯೆಯಲ್ಲಿ ಚಿನ್ನ ಗೆದ್ದ ದೀಪಿಕಾ ಕುಮಾರಿ ರಾಂಚಿ ಕಡೆಯ ಆಟೋ ಓಡಿಸುವವರ ಮಗಳು. ಆಗ ಹದಿನಾರು ವರ್ಷ. ಗರಡಿಮನೆ ಗಂಡಸರದು ಎಂದು ನಾವು ತಿಳಿದಿರುವ ಕುಸ್ತಿಯಲ್ಲಿ ಗೀತಾ ಫೋಗಟ್, ಅಲ್ಕಾ ತೋಮರ್, ಅನಿತಾ ಮೂವರೂ ಚಿನ್ನ ಗೆದ್ದರು.

ಕನ್ನಡಿಗರಿಗೆ ಇನ್ನೊಂದು ಹೆಮ್ಮೆ, ಅಶ್ವಿನಿ ಅಕ್ಕುಂಜೆ. ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ರೈತರ ಮನೆಯ ಮಗಳು. 400 ಮೀಟರ್ ನಾಲ್ವರ ರಿಲೇಯಲ್ಲಿ ಮೂರನೆಯವಳಾಗಿ ಕೋಲು ಹಿಡಿದ ಅಶ್ವಿನಿ, ಮುಂದಿದ್ದವಳನ್ನು ಹಿಂದಿಕ್ಕಿ ಓಡಿದ ರಭಸಕ್ಕೆ ಕ್ರೀಡಾಂಗಣವೇ ಎದ್ದು ನಿಂತಿತು. ಮುಂದಿನ ತಿಂಗಳು ಚೀನದ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಹರ್ಡಲ್ಸ್ ಓಟದ ಚಿನ್ನವೂ ಅವಳದಾಯಿತು.

ಒಂದು ಎಚ್ಚರಿಕೆಯ ಮಾತು

ಈ ಕಥೆಗೆ ಕಹಿ ತುದಿಯೂ ಇದೆ. ತಾಯಂದಿರು ಅದನ್ನು ತಿಳಿಯಲೇಬೇಕು. 2011ರಲ್ಲಿ ಅಶ್ವಿನಿ ಮತ್ತು ಅವಳ ಕೆಲವು ಸಂಗಾತಿಗಳ ಪರೀಕ್ಷೆಯಲ್ಲಿ ನಿಷೇಧಿಸಿದ ಔಷಧದ ಅಂಶ ಕಂಡುಬಂತು. ತರಬೇತುದಾರರು ಕೊಟ್ಟ ಶಕ್ತಿವರ್ಧಕದಿಂದ ಹೀಗಾಯಿತೆಂದು ಹುಡುಗಿಯರು ಹೇಳಿದರು. ಆದರೂ ಶಿಕ್ಷೆ ತಪ್ಪಲಿಲ್ಲ. ಕೊನೆಗೆ ಎರಡು ವರ್ಷ ಆಟದಿಂದ ದೂರ ಇರಬೇಕಾಯಿತು. ದಿಲ್ಲಿಯ ಪದಕ ಉಳಿಯಿತು, ಓಡುವ ಪ್ರಾಯದ ಎರಡು ವರ್ಷ ಹೋಯಿತು.

ನಿಯಮ ಬಹಳ ಕಟ್ಟುನಿಟ್ಟು. ಯಾರೇ ಕೊಟ್ಟಿರಲಿ, ತನ್ನ ಹೊಟ್ಟೆಗೆ ಹೋದದ್ದಕ್ಕೆ ಆಟಗಾರಳೇ ಜವಾಬ್ದಾರಿ. ಆದ್ದರಿಂದ ‘ಈ ಪುಡಿ ಹಾಲಿನಾಗ ಹಾಕಿ ಕೊಡ್ರಿ, ಹುಡುಗಿ ಕುದುರಿ ಹಂಗ ಓಡ್ತಾಳ’ ಎಂದು ಯಾರಾದರೂ ಡಬ್ಬಿ ಹಿಡಿದು ಬಂದರೆ ‘ಬ್ಯಾಡ್ರಿ’ ಎಂದು ಹಿಂದಕ್ಕೆ ಕಳಿಸಿಬಿಡಿ. ಕೆಮ್ಮು ನೆಗಡಿಗೆ ಔಷಧ ಬರೆಸುವಾಗಲೂ ‘ನಮ್ಮ ಹುಡುಗಿ ಸ್ಪರ್ಧೆಗೆ ಓಡ್ತಾಳ್ರಿ’ ಎಂದು ಡಾಕ್ಟರಿಗೆ ಮೊದಲೇ ಹೇಳಿ.

ನಮ್ಮ ಕೈಯಲ್ಲಿರುವುದು

ನಮ್ಮ ಸೀಮೆಗೆ ಕ್ರೀಡೆ ಹೊಸದಲ್ಲ. ವಿಜಯಪುರ ಜಿಲ್ಲೆ ಸೈಕಲ್ ಓಟಕ್ಕೆ ಹೆಸರಾದದ್ದು. ಅಲ್ಲಿ ಸೈಕಲ್ ಪಟುಗಳಿಗೆ ಸರ್ಕಾರದ ಕ್ರೀಡಾ ವಸತಿನಿಲಯವೂ ಇದೆ. ಹುಡುಗಿಯರ ಆಟ ನಿಲ್ಲುವುದು ಬಹುಪಾಲು ಏಳನೆಯ, ಎಂಟನೆಯ ಇಯತ್ತೆಯಲ್ಲಿ. ಮಗಳು ಮೈನೆರೆದ ಕೂಡಲೇ ಮನೆಯ ಹಿರಿಯರ ಮಾತು ಬರುತ್ತದೆ: ‘ದೊಡ್ಡಾಕಿ ಆಗ್ಯಾಳ, ಇನ್ನ ಓಟ ಗೀಟ ಸಾಕು.’

ಜಗಳ ಬೇಡ. ಮೆತ್ತಗೆ ಹೇಳಿ: ‘ಅತ್ತಿ, ಆಕಿ ಓಡೂದು ಸಾಲಿ ಮೈದಾನದಾಗ, ಮಾಸ್ತರ ಮುಂದ. ಪೂರಾ ಪ್ಯಾಂಟ್ ಹಾಕ್ಕೊಂಡ ಓಡ್ತಾಳ. ಈ ವರ್ಷ ತಾಲ್ಲೂಕು, ಜಿಲ್ಲಾ ನೋಡೂಣು, ಆಮ್ಯಾಲ ಮಾತಾಡೂಣ್ರಿ.’ ಒಂದು ವರ್ಷ ದಾಟಿಸಿದರೆ ಅರ್ಧ ಗೆದ್ದಂತೆ.

ಮುಟ್ಟಿನ ದಿನಗಳಲ್ಲಿ ಓಡಿದರೆ ಗರ್ಭಕೋಶಕ್ಕೆ ಕೇಡು ಎಂಬುದು ಸುಳ್ಳು. ನೋವು, ಸುಸ್ತು ಇದ್ದರೆ ವಿಶ್ರಾಂತಿ ಕೊಡಿ, ಇಲ್ಲದಿದ್ದರೆ ಆಡಲಿ. ಸದಾ ಸುಸ್ತು, ಮುಖ ಬಿಳಿಚಿಕೊಳ್ಳುವುದು ಕಂಡರೆ ಸರ್ಕಾರಿ ದವಾಖಾನೆಯಲ್ಲಿ ರಕ್ತಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ.

ಊಟಕ್ಕೆ ಅಂಗಡಿಯ ಡಬ್ಬಿಗಿಂತ ನಮ್ಮ ಅಡುಗೆಮನೆಯೇ ಮೇಲು. ಜೋಳದ ರೊಟ್ಟಿ, ಮೊಳಕೆ ಬಂದ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಮೆಂತ್ಯ ಸೊಪ್ಪಿನ ಪಲ್ಯದ ಮೇಲೆ ಇಂಡಿಯ ನಿಂಬೆಹಣ್ಣು ಹಿಂಡಿಕೊಟ್ಟರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಚಹಾ ಬೇಡ. ಅದು ಕಬ್ಬಿಣವನ್ನು ತಡೆಯುತ್ತದೆ. ಓಡುವುದಕ್ಕೆ ಸ್ವಲ್ಪ ಮೊದಲು ಒಂದು ಶೇಂಗಾ ಉಂಡಿಯೋ ಬಾಳೆಹಣ್ಣೋ ಸಾಕು. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಮಗನ ತಾಟಿಗೆ ಬೀಳುವ ತತ್ತಿ, ಹಾಲು, ತುಪ್ಪ ಮಗಳ ತಾಟಿಗೂ ಬೀಳಲಿ.

ಕ್ರೀಡಾ ವಸತಿನಿಲಯದ ಆಯ್ಕೆ ಯಾವಾಗ ಎಂಬುದನ್ನು ಶಾಲೆಯ ದೈಹಿಕ ಶಿಕ್ಷಕರಲ್ಲಿ, ಕ್ರೀಡಾ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಆಯ್ಕೆಯಾದರೆ ಊಟ, ವಸತಿ ಸರ್ಕಾರದ್ದು. ಆದರೆ ಕಣ್ಣು ಮುಚ್ಚಿ ಕಳಿಸಬೇಡಿ. ಒಮ್ಮೆ ಹೋಗಿ ನೋಡಿ ಬನ್ನಿ. ಹೆಂಗಸು ಮೇಲ್ವಿಚಾರಕಿ ಇದ್ದಾರೆಯೆ? ಬಚ್ಚಲ ಬಾಗಿಲಿಗೆ ಚಿಲಕ ಇದೆಯೆ? ಮನೆಗೆ ಯಾವಾಗ ಬೇಕೆಂದರೂ ಫೋನು ಮಾಡಬಹುದೆ? ಕೇಳಲು ಸಂಕೋಚ ಬೇಡ. ‘ಏನಾದರೂ ಆದರೆ ನನಗ ಹೇಳು, ನಾ ಬೈಯೂದಿಲ್ಲ’ ಎಂಬ ಮಾತನ್ನು ಮಗಳಿಗೆ ಗಂಟು ಕಟ್ಟಿ ಕಳಿಸಿ.

ಓಡುವ ಎಲ್ಲ ಹುಡುಗಿಯರೂ ಉಷಾ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ತಾಲ್ಲೂಕಿನಲ್ಲಿ ಮೂರನೆಯವಳಾಗಿ ಬಂದವಳಿಗೂ ಗಟ್ಟಿ ಎಲುಬು, ಸೋತರೆ ಎದ್ದು ನಿಲ್ಲುವ ಗುಂಡಿಗೆ, ಒಬ್ಬಳೇ ಬಸ್ಸು ಹತ್ತಿ ಇಳಿಯುವ ಧೈರ್ಯ ಬಂದಿರುತ್ತದೆ. ಇವು ಅತ್ತೆಯ ಮನೆಗೂ, ನೌಕರಿಗೂ, ಬಾಳುವೆಗೂ ಬೇಕಾದವು.

ಈ ಸಲದ ಶಾಲಾ ಕ್ರೀಡಾಕೂಟಕ್ಕೆ ನೀವೂ ಹೋಗಿ. ರೊಟ್ಟಿ ಬೆಳಿಗ್ಗೆಯೇ ಬಡಿದಿಟ್ಟರಾಯಿತು, ಓಣಿಯ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ ಮೈದಾನದ ಅಂಚಿನಲ್ಲಿ ನಿಲ್ಲಿ. ಗೆದ್ದರೂ ಚಪ್ಪಾಳೆ ತಟ್ಟಿ, ಸೋತರೂ ತಟ್ಟಿ. ಅವ್ವ ನೋಡಲು ಬಂದಿದ್ದಾಳೆ ಎಂದು ತಿಳಿದ ಹುಡುಗಿ ಆ ದಿನ ಒಂದು ಹೆಜ್ಜೆ ಮುಂದೆಯೇ ಇಡುತ್ತಾಳೆ.